ಕುತ್ತಿಗೆಯಲ್ಲಿ ಇನ್ನೊಂದು ಟಾರ್ಚು

ನಾನು ಪ್ಲಂಬಿಂಗ್ ಕೆಲಸ ಮಾಡುವವಳು. ಹೀಗೆಂದು ಹೇಳಿದ ಕೂಡಲೇ ಜನ ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಮುಖ. ಪಂಚಾಯತಿನವರು ಹೆಂಗಸರಿಗೆಂದು ತರಬೇತಿ ಇಟ್ಟಾಗ ಒಂದು ಕೋಣೆ ತುಂಬ ಮಂದಿ ಸೇರಿದ್ದೆವು. ಒಬ್ಬೊಬ್ಬರಾಗಿ ಬಿಟ್ಟು ಹೋಗಿ ಕೊನೆಗೆ ಪೈಪು ಹಿಡಿದು ಉಳಿದದ್ದು ನಾನು ಮತ್ತು ನನಗಿಂತ ಹಿರಿಯರಾದ ಇನ್ನೊಬ್ಬರು. ಅವರನ್ನು ನಾನು ದೊಡ್ಡಕ್ಕ ಎಂದು ಕರೆಯುತ್ತೇನೆ. ಮನೆಯವರ ಹತ್ತಿರ ಮಾತಾಡುವುದು, ಸಾಮಾನು ತರಿಸುವುದು, ಬೇಕಾದರೆ ಸ್ವಲ್ಪ ಜೋರು ಮಾಡುವುದು ದೊಡ್ಡಕ್ಕನ ಪಾಲು. ಅವರಿಗೆ ಮೊಣಕಾಲು ನೋವು. ಹಾಗಾಗಿ ಸಿಂಕಿನಡಿ ತೂರುವುದು, ಟಾಂಕಿಯೊಳಗೆ ಇಳಿಯುವುದು, ಮಾಡಿನ ಸಂದಿಗೆ ಹತ್ತುವುದು ನನ್ನ ಪಾಲು.

ನಮ್ಮ ಕೆಲಸ ಹೆಚ್ಚಾಗಿ ಮುಳ್ಳೇರಿಯದ ಸುತ್ತಮುತ್ತ. ಬಸ್ಸು ಹೋಗುವ ಕಡೆ ಬಸ್ಸಿನಲ್ಲೇ ಹೋಗುತ್ತೇವೆ. ಗುಡ್ಡದ ಮೇಲಿನ ಮನೆಗಳಿಗಾದರೆ ಆಟೋ ಬೇಕು. ಸ್ಟ್ಯಾಂಡಿನಲ್ಲಿ ಒಬ್ಬ ಆಟೋದವರು ನಮಗೆ ಖಾಯಂ. ಮಾತು ಕಡಿಮೆ. ಉದ್ದದ ಪೈಪನ್ನು ಆಟೋದ ಮೇಲೆ ಕಟ್ಟಬೇಕೆಂದರೆ ಮುಖ ಸಿಂಡರಿಸುವವರಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ ಇರಬೇಕು. ಆದರೂ ನಾನು ಅವರನ್ನು ಅಣ್ಣ ಎನ್ನುವುದು, ಅವರು ನನ್ನನ್ನು ಅಕ್ಕ ಎನ್ನುವುದು. ನಮ್ಮ ಪರಿಚಯ ಅಷ್ಟೇ ಇತ್ತು.

ನನಗೆ ಹೇಳಲಿಕ್ಕಿರುವುದು ಟಾರ್ಚಿನ ವಿಷಯ. ಆದರೆ ಆ ಒಂದು ದಿನದ್ದನ್ನು ಹೇಳದೆ ಟಾರ್ಚಿನ ವಿಷಯ ಹೇಳಲಿಕ್ಕೆ ಆಗುವುದಿಲ್ಲ. ಆ ದಿನದ್ದು ಹೇಳಹೊರಟರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಬೇಸಗೆ ಶುರುವಾಗಿತ್ತು. ಮುಳ್ಳೇರಿಯದಿಂದ ಒಳಗೆ, ಗುಡ್ಡದ ಬುಡದಲ್ಲಿ ಒಂದು ಮನೆ. ಮರುದಿನ ಮೊಮ್ಮಗುವಿಗೆ ತೊಟ್ಟಿಲು ಹಾಕುವ ಕಾರ್ಯಕ್ರಮ, ನೆಂಟರು ಬಂದಾಗಿತ್ತು, ನೀರು ನಿಂತುಹೋಗಿತ್ತು. ಆ ಮನೆಗೆ ನೀರು ಬರುವುದು ಸುರಂಗದಿಂದ. ನಮ್ಮ ಕಡೆಯ ಸುರಂಗವೆಂದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬರು ಬಗ್ಗಿಕೊಂಡು ಹೋಗುವಷ್ಟು ಅಗಲ. ಒಳಗೆ ಒಸರುವ ನೀರಿಗೆ ಮಣ್ಣಿನ ಕಟ್ಟ ಕಟ್ಟಿ, ಕಟ್ಟದಲ್ಲಿ ಪೈಪು ಇಟ್ಟು ಹೊರಗಿನ ತೊಟ್ಟಿಗೆ ಬಿಡುತ್ತಾರೆ. ಆ ಪೈಪಿನ ಬಾಯಿಗೆ ಬೇರು ಕಟ್ಟಿಕೊಂಡಿರಬೇಕು ಎಂದು ಮನೆಯ ಯಜಮಾನರು ಹೇಳಿದರು. ಮೊದಲೆಲ್ಲ ಅವರೇ ಹೋಗಿ ಬಿಡಿಸುತ್ತಿದ್ದರಂತೆ. ಈಗ ಅವರಿಗೆ ಬಗ್ಗಲಿಕ್ಕಾಗುವುದಿಲ್ಲ.

"ಒಳಗೆ ಎರಡು ಕವಲುಂಟು. ಬಲದ ಕವಲಿಗೆ ಹೋಗ್ಬೇಡಿ, ಅದು ಅರ್ಧಕ್ಕೆ ಬಿಟ್ಟದ್ದು. ಎಡಕ್ಕೆ ತಿರುಗಿದ್ರೆ ಕಟ್ಟ ಸಿಗ್ತದೆ" ಅಂದರು.

ನಾನು ಸುರಂಗದೊಳಗೆ ಹೋದದ್ದು ಅದು ಮೊದಲಲ್ಲ. ನನಗೆ ಹೆದರಿಕೆಯೂ ಇರಲಿಲ್ಲ. ತಲೆಗೆ ಕಟ್ಟುವ ಲೈಟು ಇತ್ತು; ನನ್ನ ಗಂಡ ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದು, ಚಾರ್ಜು ಮಾಡುವಂಥದ್ದು. ಹಿಂದಿನ ರಾತ್ರಿ ಪೂರ್ತಿ ಚಾರ್ಜಿಗೆ ಇಟ್ಟಿದ್ದೆ. ಫೋನು ನೀರಿಗೆ ಬಿದ್ದರೆ ಎಂದು ದೊಡ್ಡಕ್ಕನ ಕೈಯಲ್ಲಿ ಕೊಟ್ಟೆ. ಒಂದು ಹಾಕ್ಸಾ ಬ್ಲೇಡು, ಒಂದು ಕತ್ತಿ, ಪೈಪ್ ರೆಂಚು ಹಿಡಿದುಕೊಂಡು ಒಳಗೆ ಹೋದೆ.

ಬಾಯಿಯ ಹತ್ತಿರ ಕೆಂಪು ಮುರಕಲ್ಲಿನ ಗೋಡೆ, ಒಳಗೆ ಹೋದ ಹಾಗೆ ಬಿಳಿ ಸೇಡಿಮಣ್ಣು. ಕಾಲಡಿ ತಣ್ಣನೆ ನೀರು. ಎಡಕ್ಕೆ ತಿರುಗಿದ ಮೇಲೆ ಹೊರಗಿನ ಬೆಳಕು ಕಾಣುವುದು ನಿಂತಿತು. ಕಟ್ಟ ಸಿಕ್ಕಿತು. ಯಜಮಾನರು ಹೇಳಿದಂತೆಯೇ ಪೈಪಿನ ಬಾಯಿಗೆ ಜಡೆಯ ಹಾಗೆ ಬೇರು. ಅರ್ಧ ಕೊಯ್ದಿರಬೇಕು. ಲೈಟು ಒಮ್ಮೆ ಮಿನುಗಿತು, ಇನ್ನೊಮ್ಮೆ ಮಿನುಗಿತು, ಆರಿತು.

ಸ್ವಿಚ್ಚು ಒತ್ತಿದೆ. ಬಡಿದೆ. ಏನೂ ಇಲ್ಲ. ಆಮೇಲೆ ಗೊತ್ತಾಯಿತು, ಚೀಲದೊಳಗೆ ರೆಂಚಿನಡಿ ಅದರ ಸ್ವಿಚ್ಚು ಒತ್ತಿಹೋಗಿ ಬರುವ ದಾರಿಯುದ್ದಕ್ಕೂ ಅದು ಉರಿಯುತ್ತಾ ಇತ್ತು. ಹಗಲಿನ ಬೆಳಕಿನಲ್ಲಿ ಕಟ್ಟಿಕೊಂಡ ಕಾರಣ ಅದು ಉರಿಯುತ್ತಿತ್ತೋ ಇಲ್ಲವೋ ಎಂದು ನೋಡಿರಲಿಲ್ಲ. ಒಳಗೆ ಹೋದಾಗ ಬೆಳಕಿತ್ತು, ಅಷ್ಟು ಸಾಕೆಂದು ಹೋಗಿದ್ದೆ.

ಮನೆಯಲ್ಲಿ ಕರೆಂಟು ಹೋದಾಗ ಆಗುವ ಕತ್ತಲೆಯಲ್ಲಿ ಎಲ್ಲೋ ಒಂದು ಸಂದಿಯ ಬೆಳಕು ಇರುತ್ತದೆ. ಸುರಂಗದೊಳಗಿನ ಕತ್ತಲೆಯಲ್ಲಿ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಕೈಯಿಂದ ಮುಟ್ಟಿ ನೋಡಬೇಕಾಯಿತು. ಗೋಡೆ ಹಿಡಿದುಕೊಂಡು ಬಂದ ದಾರಿಯಲ್ಲೇ ಹೋದರೆ ಆಯಿತೆಂದು ಅಂದುಕೊಂಡೆ. ಹೋದೆ. ಕವಲಿನ ಹತ್ತಿರ ಎಲ್ಲೋ ತಿರುಗಿದ್ದು ತಪ್ಪಿತು. ಹೋಗುತ್ತಾ ಹೋಗುತ್ತಾ ಗೋಡೆ ಇಕ್ಕಟ್ಟಾಯಿತು, ತಲೆ ಮೇಲಕ್ಕೆ ತಾಗಿತು, ಮುಂದೆ ಕೈಚಾಚಿದರೆ ಮಣ್ಣು. ಬಲದ ಕವಲಿಗೆ ಬಂದಿದ್ದೆ. ನನ್ನ ಮುಖದ ಹತ್ತಿರದಿಂದ ಬಾವಲಿಯೊಂದು ಹಾರಿತು.

ಆಗ ನಾನು ಕಿರುಚಿದೆ. ದೊಡ್ಡಕ್ಕನನ್ನು ಕರೆದೆನೆಂದು ನನ್ನ ನೆನಪು. ಹೊರಗಿದ್ದವರು ಹೇಳುವ ಪ್ರಕಾರ ನಾನು ಕರೆದದ್ದು ನನ್ನ ಅಮ್ಮನನ್ನು. ಅಮ್ಮ ತೀರಿಹೋಗಿ ಎಷ್ಟೋ ಕಾಲವಾಗಿದೆ. ಇಬ್ಬರು ಮಕ್ಕಳ ತಾಯಿ ನಾನು. ಸುರಂಗದೊಳಗೆ ಕೂಗಿದ್ದು ಹೊರಗೆ ಕೊಳವೆಯಲ್ಲಿ ಊದಿದ ಹಾಗೆ ಕೇಳುತ್ತದಂತೆ. ನೆಂಟರು ಅಂಗಳ ಬಿಟ್ಟು ಸುರಂಗದ ಬಾಯಿಗೆ ಓಡಿಬಂದರು. ನಾನು ಅಳುತ್ತಿದ್ದೆ. ಕಾಲುಗಳ ನಡುವೆ ಬಿಸಿಯಾದದ್ದು ಗೊತ್ತಾಯಿತು. ಅದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಮೈಯೆಲ್ಲ ಸುರಂಗದ ನೀರಿನಿಂದ ಒದ್ದೆಯಾಗಿದ್ದರಿಂದ ನೋಡಿದವರಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತಲ್ಲ.

ಒಳಗೆ ಬಂದವರು, ನಮ್ಮನ್ನು ಕರೆತಂದು ಅಂಗಳದಲ್ಲೇ ಕಾಯುತ್ತಿದ್ದ ಆಟೋದವರು. ಫೋನಿನ ಟಾರ್ಚು ಹಾಕಿಕೊಂಡು, "ಅಕ್ಕ, ಎಲ್ಲಿದ್ದೀರಿ? ಮಾತಾಡ್ತಾ ಇರಿ" ಎಂದು ಹೇಳುತ್ತಾ ಬಂದರು. ಬೆಳಕು ಕಂಡ ಕೂಡಲೇ ನಾನು ನುಗ್ಗಿ ಅವರ ಕೈ ಹಿಡಿದೆ. ಹಿಡಿದ ರಭಸಕ್ಕೆ ಅವರ ಫೋನು ನೀರಿಗೆ ಬಿತ್ತು. ನೀರಿನೊಳಗೆ ಒಂದು ಕ್ಷಣ ಹಸಿರಾಗಿ ಹೊಳೆದು ಅದೂ ಆರಿತು. ಈಗ ಕತ್ತಲೆಯಲ್ಲಿ ನಾವಿಬ್ಬರು.

"ಅಕ್ಕ, ಕೈ ಬಿಡಿ."

ನಾನು ಬಿಡಲಿಲ್ಲ. ಎರಡೂ ಕೈಯಲ್ಲಿ ಅವರ ತೋಳು ಹಿಡಿದುಕೊಂಡು ಅವರ ಭುಜಕ್ಕೆ ಹಣೆ ಒತ್ತಿ ನಿಂತಿದ್ದೆ. ಅವರ ಎದೆ ಡವಡವ ಎನ್ನುವುದು ನನಗೆ ಕೇಳುತ್ತಿತ್ತು.

"ಅಕ್ಕ, ಕಿಸೆಗೆ ಕೈ ಹಾಕ್ಲಿಕ್ಕುಂಟು. ಒಂದು ಕೈಯಾದ್ರೂ ಬಿಡಿ."

"ಹೋಗ್ಬೇಡಿ" ಅಂದೆ.

"ಹೋಗುವುದೆಲ್ಲಿಗೆ? ನನಗೂ ದಾರಿ ಕಾಣ್ತಾ ಇಲ್ಲ. ಕೀ ತೆಗೀಲಿಕ್ಕೆ."

ಹೇಗೋ ಒಂದು ಕೈ ಬಿಟ್ಟೆ. ಅವರು ಆಟೋದ ಕೀ ತೆಗೆದರು. ಕೀಗೊಂಚಲಿನಲ್ಲಿ ಹೆಬ್ಬೆರಳಿನಷ್ಟು ಒಂದು ಟಾರ್ಚು ಇತ್ತು, ಇಂಜಿನಿನ ಹತ್ತಿರ ಬಗ್ಗಿ ನೋಡಲಿಕ್ಕೆ ಇಟ್ಟುಕೊಂಡದ್ದು. ಅದರ ಬೆಳಕು ಒಂದು ತಟ್ಟೆಯಷ್ಟು. ಆ ತಟ್ಟೆಯನ್ನು ಕಾಲಡಿಗೆ ಬಿಟ್ಟುಕೊಂಡು ಅವರು ಮುಂದೆ, ಅವರ ಅಂಗಿ ಹಿಡಿದುಕೊಂಡು ನಾನು ಹಿಂದೆ. ಹಾಗೆ ಹೊರಗೆ ಬಂದೆವು.

ಹೊರಗಿನ ಬಿಸಿಲಿಗೆ ಕಣ್ಣು ಕುಕ್ಕಿತು. ಕಣ್ಣು ತೆರೆದಾಗ ಮೊದಲು ಕಂಡದ್ದು ಮೇಲೆತ್ತಿ ಹಿಡಿದ ಫೋನುಗಳು.

ದೊಡ್ಡಕ್ಕ ತನ್ನ ಶಾಲು ಹೊದೆಸಿದರು. ಮನೆಯ ಅಜ್ಜಿ ಬಿಸಿ ಕಾಫಿ ತಂದುಕೊಟ್ಟರು. ಗ್ಲಾಸು ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು. ಪೈಪಿಗೆ ಸಿಕ್ಕಿದ ಬೇರು ಅರ್ಧಕ್ಕೇ ಉಳಿದಿತ್ತು. ಆ ಮನೆಯ ತೊಟ್ಟಿಲು ಕಾರ್ಯಕ್ಕೆ ಟ್ಯಾಂಕರಿನಿಂದ ನೀರು ತರಿಸಿದರಂತೆ.

ವಿಡಿಯೋ ನಾವು ಮನೆಗೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು. ನನ್ನ ಗಂಡನಿಗೆ ಅವರ ಜೊತೆ ಕೆಲಸ ಮಾಡುವವರೊಬ್ಬರು ತೋರಿಸಿದರು. ನಾನು ಅದನ್ನು ನೋಡಿದ್ದು ಒಮ್ಮೆ ಮಾತ್ರ. ಗುಡ್ಡದ ತೂತಿನಿಂದ ಮಣ್ಣು ಮೆತ್ತಿಕೊಂಡ ಒಬ್ಬ ಗಂಡಸು ಹೊರಗೆ ಬರುತ್ತಾರೆ. ಅವರ ಬೆನ್ನಿಗೆ ಅಂಟಿಕೊಂಡು, ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು, ಮೂಗು ಬಾಯಿ ಎಲ್ಲ ಸುರಿಸಿಕೊಂಡು ಒಬ್ಬ ಹೆಂಗಸು. ಹಿಂದಿನಿಂದ ಯಾರದ್ದೋ ನಗು. ಯಾರೋ ಅದರ ಮೇಲೆ ಬರೆದಿದ್ದರು: "ಸುರಂಗದೊಳಗೆ ಎಂತ ಕೆಲಸ?" ಕೆಳಗೆ ಬೇರೆಯವರು ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನ್ನ ಗಂಡ ಬಯ್ಯಲಿಲ್ಲ. "ಊಟ ಮಾಡು" ಎಂದು ಹೇಳಿ ಬಡಿಸಿದರು. ಬಯ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಆನ್‌ಲೈನಿನಲ್ಲಿ ತರಿಸಿದ ಲೈಟನ್ನು ಅವರು ಬಿಚ್ಚಿ, ಒರಸಿ, ಪುನಃ ಚಾರ್ಜಿಗೆ ಇಟ್ಟರು. ತಮ್ಮದೇ ಏನೋ ತಪ್ಪಾಗಿದೆ ಎಂಬ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದನ್ನು ನೋಡಿ ನಾನು ಒಳಗೆ ಹೋದೆ.

ದೊಡ್ಡಕ್ಕ ಮೊದಲ ದಿನ ಸಿಕ್ಕಸಿಕ್ಕವರಿಗೆ ಫೋನು ಮಾಡಿ ಬೈದು ವಿಡಿಯೋ ಅಳಿಸಿಹಾಕಿಸಲಿಕ್ಕೆ ನೋಡಿದರು. ಒಂದು ಗುಂಪಿನಲ್ಲಿ ತೆಗೆದರೆ ಇನ್ನೊಂದರಲ್ಲಿ ಬರುತ್ತಿತ್ತು. ಒಂದು ವಾರ ಆಗುವಾಗ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ನೆಲ ನೋಡುತ್ತಾ ಹೇಳಿದರು:

"ನಿನಗೆ ಬೇಜಾರಾಗ್ಬಾರ್ದು. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಸ್ವಲ್ಪ ಸಮಯ ನಾನು ಬರುವುದಿಲ್ಲ."

"ಬೇಜಾರೆಂತ? ಸರಿ" ಅಂದೆ.

ಅವರು ಎದ್ದು ಹೋದ ಮೇಲೆ ನೋಡಿದರೆ ಅವರ ಪಾಲಿನ ಸ್ಪ್ಯಾನರುಗಳೂ ಪೈಪಿನ ತಿರುಪಿಗೆ ಸುತ್ತುವ ಟೇಪಿನ ಸುರುಳಿಯೂ ಜಗಲಿಯ ಮೂಲೆಯಲ್ಲಿದ್ದವು. ಹೇಳದೆ ಇಟ್ಟು ಹೋಗಿದ್ದರು.

ಆಟೋಸ್ಟ್ಯಾಂಡಿನ ಎದುರು ಹೋಗಲಿಕ್ಕೆ ನನಗೆ ಕಾಲು ಬರುತ್ತಿರಲಿಲ್ಲ. ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು, ಹಿಂದಿನ ದಾರಿಯಿಂದ ನಡೆದು ಬರುತ್ತಿದ್ದೆ. ಒಮ್ಮೆ ಪೇಟೆಯಲ್ಲಿ ಅವರ ಆಟೋ ಎದುರಿಗೇ ಬಂತು. ನಾನು ಹಣ್ಣಿನ ಅಂಗಡಿಯ ಕಡೆ ತಿರುಗಿ ಬೇಡದ ಬಾಳೆಹಣ್ಣು ತೆಗೆದುಕೊಂಡೆ. ಅವರೂ ನಿಲ್ಲಿಸಲಿಲ್ಲ. ನನ್ನನ್ನು ಕತ್ತಲೆಯಿಂದ ಕರೆದುಕೊಂಡು ಬಂದವರಿಗೆ ನಾನು ಒಂದು ಉಪಕಾರದ ಮಾತು ಕೂಡ ಹೇಳಿರಲಿಲ್ಲ. ಹೇಳಬೇಕಾದರೆ ಮುಖ ನೋಡಬೇಕು. ಮುಖ ನೋಡಿದರೆ ಅವರ ಭುಜಕ್ಕೆ ಹಣೆ ಒತ್ತಿ ನಿಂತದ್ದು ನೆನಪಾಗುತ್ತದೆ. ನನಗೆ ಮಾತ್ರ ಅಲ್ಲ, ಅವರಿಗೂ.

ಕೆಲಸ ಕಡಿಮೆಯಾಯಿತು. ಕರೆದವರಲ್ಲಿ ಕೆಲವರು ಕೆಲಸಕ್ಕಿಂತ ಹೆಚ್ಚಾಗಿ ನನ್ನ ಮುಖ ನೋಡಲಿಕ್ಕೆ ಕರೆದಂತಿತ್ತು. ಒಬ್ಬರ ಮನೆಯಲ್ಲಿ ಬಚ್ಚಲಿನ ನಲ್ಲಿ ಬದಲಿಸುತ್ತಿರುವಾಗ ಬಾಗಿಲ ಹತ್ತಿರ ಇಬ್ಬರು ನಿಂತು ಪಿಸುಪಿಸು ಮಾತಾಡುತ್ತಿದ್ದರು. ನಾನು ನಲ್ಲಿಯನ್ನು ಎಷ್ಟು ಬಿಗಿ ಮಾಡಿದೆನೆಂದರೆ ಅದರ ತಿರುಪು ಹಾಳಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಳದಲ್ಲಿ ಒಬ್ಬ ಹೆಂಗಸು ಕೊಡೆ ಮಡಚುತ್ತಾ ನಿಂತಿದ್ದರು. ನಾನು ಕಂಡವರಲ್ಲ.

"ಅಕ್ಕ, ನಾನು ಆಟೋದವರ ಮನೆಯಿಂದ. ಅವರ ಹೆಂಡತಿ" ಅಂದರು.

ಬಯ್ಯಲಿಕ್ಕೆ ಬಂದದ್ದು ಎಂದುಕೊಂಡೆ. ಬಯ್ಯಲಿ, ನ್ಯಾಯವೇ ಎಂದೂ ಅನಿಸಿತು. ಕುರ್ಚಿ ಹಾಕಿದೆ. ನೀರು ಕೊಟ್ಟೆ. ಅವರು ಪೂರ್ತಿ ನೀರು ಕುಡಿದು ಗ್ಲಾಸನ್ನು ಮಡಿಲಲ್ಲೇ ಹಿಡಿದುಕೊಂಡರು.

"ಫೋನು ಸರಿಯಾಯ್ತು ಅಂತ ಹೇಳ್ಲಿಕ್ಕೆ ಬಂದೆ. ಅಕ್ಕಿ ಡಬ್ಬದಲ್ಲಿ ಹೂತು ಇಟ್ಟಿದ್ದೆ. ಈಗ ಎಲ್ಲ ಸರಿ ಉಂಟು, ಮಾತಾಡುವಾಗ ಮಾತ್ರ ಸ್ವಲ್ಪ ಗೊರಗೊರ."

"ನನ್ನಿಂದಾಗಿ" ಎಂದೆ.

"ಹಾಗಲ್ಲ." ಅವರು ಗ್ಲಾಸು ತಿರುಗಿಸಿದರು. "ನಿಮಗೆ ಒಳಗೆ ತುಂಬ ಹೆದರಿಕೆ ಆಯ್ತಾ?"

"ಆಯ್ತು."

"ಅವರಿಗೂ ಆಯ್ತಂತೆ. ಸುತ್ತ ಎಲ್ಲರೂ ನೋಡ್ತಾ ಇದ್ರಲ್ಲ, ಯಾರೂ ಹೋಗ್ಲಿಲ್ಲ, ಹಾಗಾಗಿ ಹೋದದ್ದು ಅಂದ್ರು. ಫೋನು ಬಿದ್ದ ಮೇಲೆ ಕೈಕಾಲು ತಣ್ಣಗಾಗಿತ್ತಂತೆ. ಈಗ ಶೆಡ್ಡಿನೊಳಗೆ ಆಟೋ ಇಟ್ಟು ಬರುವಾಗಲೂ ಲೈಟು ಹಾಕದೆ ಬರುವುದಿಲ್ಲ. ನನ್ನ ಹತ್ತಿರ ಮಾತ್ರ ಹೇಳಿದ್ದು. ಸ್ಟ್ಯಾಂಡಿನಲ್ಲಿ ಎಲ್ಲ ನಗಾಡ್ತಾರೆ, ಬೇರೆಯೇ ಕಾರಣಕ್ಕೆ. ಅವರು ಸುಮ್ಮನಿರ್ತಾರೆ."

ನಾನು ಸೆರಗಿನ ತುದಿ ಹಿಡಿದು ಕುಳಿತೆ. ಅಷ್ಟು ದಿನ ನನ್ನ ಮಾನದ ಬಗ್ಗೆ ಯೋಚನೆ ಮಾಡುತ್ತಾ ಇದ್ದೆ. ಸ್ಟ್ಯಾಂಡಿನಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ಆ ನಗುವಿನ ನಡುವೆ ಕುಳಿತುಕೊಳ್ಳುವವರು ಅವರು. ನಾನು ಹಿಂದಿನ ದಾರಿಯಿಂದ ನಡೆದುಹೋಗುವಾಗ ಅವರಿಗೆ ಹಿಂದಿನ ದಾರಿಯೇ ಇರಲಿಲ್ಲ.

"ಅವರಿಗೆ ಒಂದು ಒಳ್ಳೆ ಟಾರ್ಚು ತೆಗೆದುಕೊಡ್ಬೇಕು ಅಂತ ನನಗೆ" ಎಂದು ಅವರು ಮುಂದುವರಿಸಿದರು. "ರಾತ್ರಿ ಬಾಡಿಗೆಗೆ ಗುಡ್ಡದ ಮೇಲೆಲ್ಲ ಹೋಗ್ತಾರೆ. ಕೀಯಲ್ಲಿದ್ದ ಆ ಸಣ್ಣದು ನೀರು ಹೋಗಿ ಹಾಳಾಯ್ತು. ನನಗೆ ಇದೆಲ್ಲ ಎಂತ ಗೊತ್ತುಂಟು? ನಿಮಗೆ ಕೆಲಸಕ್ಕೆ ಬೇಕಾದ್ದು ಗೊತ್ತಿರ್ತದಲ್ಲ. ಒಮ್ಮೆ ನನ್ನೊಟ್ಟಿಗೆ ಅಂಗಡಿಗೆ ಬರ್ತೀರಾ?"

ಟಾರ್ಚಿನ ಬಗ್ಗೆ ನನ್ನನ್ನು ಕೇಳಿದ್ದಕ್ಕೆ ನಾಚಿಕೆಯಿಂದ ನನ್ನ ಕುತ್ತಿಗೆ ಬಗ್ಗಿತು. ಕತ್ತಲೆಯಲ್ಲಿ ಕಿರುಚಿದವಳು ನಾನು. ಆದರೆ ಅವರು ಕುಹಕವಾಡಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. "ಬರ್ತೇನೆ. ನನಗೂ ಒಂದು ಬೇಕು" ಅಂದೆ.

ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ನಾನು ಹಳೆಯ ಗಿರಾಕಿ. ಆ ದಿನದಿಂದ ಕಾಲಿಟ್ಟಿರಲಿಲ್ಲ. ಟಾರ್ಚು ತೋರಿಸಿ ಎಂದದ್ದೇ ತಡ, ಅಂಗಡಿಯವರ ಮುಖ ಅರಳಿತು.

"ಏನಕ್ಕ, ಪುನಃ ಸುರಂಗಕ್ಕೆ ಹೊರಟದ್ದಾ? ಈ ಸಲ ಒಬ್ಬರೇ ಹೋಗುವುದಾ, ಡ್ರೈವರ್ ಉಂಟಾ ಜೊತೆಯಲ್ಲಿ?"

ಸಿಮೆಂಟಿನ ಲೋಡಿಗೆ ಕಾಯುತ್ತಿದ್ದ ಇಬ್ಬರು ನಕ್ಕರು. ಇಂಥ ಮಾತು ನನಗೆ ಅಭ್ಯಾಸವಾಗಿತ್ತು. ನೆಲ ನೋಡಿದರೆ ಮುಗಿಯುತ್ತದೆ. ಆದರೆ ನೆಲ ನೋಡಿದಾಗ ನನ್ನ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಕಂಡಿತು. ಆ ಕಾಲಿನ ಬೆರಳುಗಳು ಮಡಚಿಕೊಂಡಿದ್ದವು. ತಲೆಯೆತ್ತಿ ನೋಡಿದೆ. ಅವರ ಮುಖ ಕೆಂಪಾಗಿ, ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡು, ಗೋಡೆಗೆ ತೂಗುಹಾಕಿದ ಬಣ್ಣದ ಬ್ರಷ್ಷುಗಳನ್ನು ನೋಡುತ್ತಿದ್ದರು.

"ಇವರು ಆ ಡ್ರೈವರ್ ಅಣ್ಣನ ಹೆಂಡತಿ" ಅಂದೆ. "ಅವರಿಗೆ ಟಾರ್ಚು ತೆಗೀಲಿಕ್ಕೆ ಬಂದದ್ದು. ಒಳಗೆ ಬಂದು ನನ್ನ ಜೀವ ಉಳಿಸಿದವರಿಗೆ."

ನಕ್ಕವರಲ್ಲಿ ಒಬ್ಬರು ಹೊರಗೆ ಲೋಡು ಬಂತೋ ಎಂದು ನೋಡಲಿಕ್ಕೆ ಹೋದರು. ಅಂಗಡಿಯವರು ಕನ್ನಡಕ ತೆಗೆದು ಒರಸಿದರು. ಕೆಟ್ಟ ಮನುಷ್ಯ ಅಲ್ಲ ಅವರು. "ಕುಳಿತುಕೊಳ್ಳಿ ತಂಗಿ" ಎಂದು ಆ ಹೆಂಗಸಿಗೆ ಸ್ಟೂಲು ಕೊಟ್ಟರು. ಆಮೇಲೆ ಎದುರಿನ ಗಾಜಿನ ಪೆಟ್ಟಿಗೆಯಿಂದ ಅಲ್ಲ, ಒಳಗಿನಿಂದ ಬಾಕ್ಸು ತಂದು ಮುಂದಿಟ್ಟರು.

ಮೊದಲು ತೋರಿಸಿದ್ದು ದೊಡ್ಡದೊಂದು, ಚಾರ್ಜು ಮಾಡುವಂಥದ್ದು. ಹೊರಗೆ ಬಿಟ್ಟರೆ ಹಗಲಿನಲ್ಲೂ ಎದುರಿನ ಕಟ್ಟಡದ ಗೋಡೆಗೆ ಬೆಳಕು ಬೀಳುತ್ತಿತ್ತು. "ಇದು ಆಚೆ ಗುಡ್ಡಕ್ಕೆ ಮುಟ್ಟುತ್ತದೆ" ಎಂದರು.

"ನನಗೆ ಆಚೆ ಗುಡ್ಡ ನೋಡ್ಲಿಕ್ಕಿಲ್ಲ. ನನ್ನ ಕೈ ಕಂಡ್ರೆ ಸಾಕು. ಆದ್ರೆ ಆರಬಾರ್ದು" ಎಂದೆ.

ಚಾರ್ಜಿನದ್ದು ಒಂದು ನನ್ನಲ್ಲಿ ಉಂಟು. ಎರಡನೆಯದೂ ಅದೇ ಜಾತಿಯದ್ದಾದರೆ ಎರಡೂ ಒಟ್ಟಿಗೆ ಕೈಕೊಟ್ಟೀತು. ಹಾಗಾಗಿ ಪೆನ್ಸಿಲ್ ಸೆಲ್ಲು ಹಾಕುವಂಥದ್ದು ಕೇಳಿದೆ. ಪೆನ್ಸಿಲ್ ಸೆಲ್ಲು ಗುಡ್ಡದ ಮೇಲಿನ ಗೂಡಂಗಡಿಯಲ್ಲೂ ಸಿಗುತ್ತದೆ, ಕರೆಂಟಿಗೆ ಕಾಯಬೇಕೆಂದಿಲ್ಲ. ಅವರು ಏಳೆಂಟು ತೆಗೆದಿಟ್ಟರು. ಮೇಜಿನ ಮೇಲೆ ಉದ್ದಕ್ಕೆ ಸಾಲಾಗಿ ಇದ್ದವುಗಳಲ್ಲಿ ಮೊದಲು ನಾನು ನೋಡಿದ್ದು ಸ್ವಿಚ್ಚು. ಬೆರಳು ತಾಗಿದರೆ ಹತ್ತುವುದನ್ನೆಲ್ಲ ಬದಿಗಿಟ್ಟೆ. ಚೀಲದೊಳಗೆ ರೆಂಚು ಒತ್ತಿದರೆ ಅವೆಲ್ಲ ಉರಿಯುತ್ತವೆ. ಒಂದರಲ್ಲಿ ಸ್ವಿಚ್ಚು ಬಾಲದೊಳಗೆ ತಗ್ಗಿನಲ್ಲಿತ್ತು, ಗಟ್ಟಿಯಾಗಿ ಒತ್ತಿದರೆ ಮಾತ್ರ ಟಕ್ಕೆಂದು ಹತ್ತುತ್ತಿತ್ತು. ಇನ್ನೊಂದರಲ್ಲಿ ತಲೆಯನ್ನು ತಿರುಪಿದರೆ ಹತ್ತುವುದು. ಆಟೋದವರ ಹೆಂಡತಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು.

"ಒಂದು ಕೈಯಲ್ಲಿ ತಿರುಪ್ಲಿಕ್ಕೆ ಆಗುವುದಿಲ್ಲ. ಇನ್ನೊಂದು ಕೈಯನ್ನು ಯಾರಾದ್ರೂ ಹಿಡಿದುಕೊಂಡ್ರೆ?" ಅಂದರು.

ಹೇಳಿದ ಮೇಲೆ ಅವರಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ನನ್ನನ್ನು ನೋಡಿದರು. ನನ್ನ ಮುಖ ಬಿಸಿಯಾಯಿತು. ಆಮೇಲೆ ಯಾಕೋ ನನಗೆ ನಗು ಬಂತು, ಅವರಿಗೂ ಬಂತು. ಬಾಯಿಗೆ ಶಾಲು ಒತ್ತಿ ನಕ್ಕರು. ಅಂಗಡಿಯವರು ನಮ್ಮನ್ನು ನೋಡುವುದೋ ಬೇಡವೋ ಎಂದು ತಿಳಿಯದೆ ಸೆಲ್ಲಿನ ಕಟ್ಟು ಬಿಚ್ಚುತ್ತಿದ್ದರು.

ಬಾಲದಲ್ಲಿ ಸ್ವಿಚ್ಚಿದ್ದದ್ದನ್ನು ತೆಗೆದು ಮುಚ್ಚಳ ಬಿಚ್ಚಿದೆ. ತಿರುಪಿನ ಬುಡದಲ್ಲಿ ಕಪ್ಪು ರಬ್ಬರಿನ ವಾಷರು ಸರಿಯಾಗಿ ಕುಳಿತಿತ್ತು. ಟಾರ್ಚಾಗಲಿ ನಲ್ಲಿಯಾಗಲಿ, ನೀರು ಹೋಗುವುದು ಬರುವುದು ವಾಷರಿನ ಬದಿಯಿಂದಲೇ. "ನೀರಿಗೆ ಹಾಕಿ ನೋಡ್ಬಹುದಾ?" ಎಂದು ಕೇಳಿದೆ. ಅಂಗಡಿಯವರು ಒಂದು ಕ್ಷಣ ಹಿಂದೆಮುಂದೆ ನೋಡಿ, ತಾವೇ ಕೈತೊಳೆಯುವ ಬಕೆಟು ತಂದರು. ಹತ್ತಿಸಿ ಬಕೆಟಿಗೆ ಹಾಕಿದೆ. ತಳದಲ್ಲಿ ಮಲಗಿ ಉರಿಯುತ್ತಾ ಇತ್ತು. ನಾವು ಮೂವರೂ ಬಗ್ಗಿ ಅದನ್ನು ನೋಡುತ್ತಾ ನಿಂತೆವು. ಈಗ ಆರುತ್ತದೆ, ಈಗ ಆರುತ್ತದೆ ಎಂದು ಕಾಯುತ್ತಿದ್ದೆ. ಆರಲಿಲ್ಲ. ತೆಗೆದು, ಒರಸಿ, ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟೆ. ಉರುಳಿ ಸಿಮೆಂಟಿನ ಚೀಲಕ್ಕೆ ತಾಗಿ ನಿಂತಿತು. ಉರಿಯುತ್ತಿತ್ತು.

ಕಿಸೆಗೆ ಸಿಕ್ಕಿಸುವ ಕ್ಲಿಪ್ಪು ಗಟ್ಟಿ ಇತ್ತು. ಎರಡೂ ಕೈಗೆ ಕೆಲಸವಿದ್ದಾಗ ಬಾಯಲ್ಲಿ ಕಚ್ಚಿ ಹಿಡಿಯುವಷ್ಟೇ ದಪ್ಪ. ಎರಡನೆಯ ಸಲ ಒತ್ತಿದರೆ ಬೆಳಕು ಸಣ್ಣದಾಗುತ್ತಿತ್ತು. ಸಣ್ಣದರಲ್ಲಿ ಇಟ್ಟರೆ ಸೆಲ್ಲು ತುಂಬ ಹೊತ್ತು ಬರುತ್ತದೆಂದು ಅಂಗಡಿಯವರು ಹೇಳಿದರು. ಅದೇ ಥರದ್ದು ಎರಡು ತೆಗೆದುಕೊಂಡೆವು. ಕುತ್ತಿಗೆಗೆ ಹಾಕಿಕೊಳ್ಳಲಿಕ್ಕೆ ನೈಲಾನಿನ ದಾರವನ್ನು ಅಂಗಡಿಯವರೇ ಕೊಯ್ದು ಕಟ್ಟಿಕೊಟ್ಟರು. ಕೊಡುವಾಗ ಮೆಲ್ಲಗೆ, "ಹೇಳಬಾರದಿತ್ತು ನಾನು" ಎಂದರು. ಯಾರಿಗೆ ಹೇಳಿದ್ದೆಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಇಬ್ಬರೂ ತಲೆಯಾಡಿಸಿದೆವು.

ಆಟೋದವರ ಹೆಂಡತಿಯನ್ನು ಬಸ್ಸಿಗೆ ಹತ್ತಿಸಲಿಕ್ಕೆ ಹೋಗಬೇಕಾದರೆ ಆಟೋಸ್ಟ್ಯಾಂಡಿನ ಎದುರಿನಿಂದಲೇ ಹೋಗಬೇಕು. ಹಿಂದಿನ ದಾರಿ ಹಿಡಿಯೋಣ ಎಂದು ನಾನು ಹೇಳಲಿಲ್ಲ. ಅವರ ಗಂಡ ಆಟೋದಲ್ಲಿ ಕುಳಿತಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಕೆಳಗಿಳಿದು ನಿಂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಹ್ಯಾಂಡಲಿನ ಮೇಲೆ ಇಟ್ಟರು.

"ಅಣ್ಣ, ಆ ದಿನ..." ಎಂದೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತು ಅಷ್ಟಕ್ಕೇ ನಿಂತಿತು.

"ಇರಲಿ ಅಕ್ಕ" ಎಂದರು. ಅವರೂ ನನ್ನ ಮುಖ ನೋಡಲಿಲ್ಲ. ಹೆಂಡತಿಯ ಕೈಯಿಂದ ಟಾರ್ಚು ತೆಗೆದುಕೊಂಡು, ಹತ್ತಿಸಿ ಅಂಗೈಗೆ ಬಿಟ್ಟು ನೋಡಿದರು. "ಸೆಲ್ಲು ಯಾವುದು ಹಾಕುವುದು?"

"ಪೆನ್ಸಿಲ್ ಸೆಲ್ಲು. ತುಂಬ ದಿನ ಬಳಸದಿದ್ರೆ ತೆಗೆದಿಡಿ. ಒಳಗೇ ಸೋರ್ತದೆ."

"ಹೌದಾ" ಎಂದರು. ನಾವು ಆಡಿದ್ದು ಇಷ್ಟೇ ಮಾತು. ಸ್ಟ್ಯಾಂಡಿನಲ್ಲಿ ನಾಲ್ಕೈದು ಮಂದಿ ನೋಡುತ್ತಿದ್ದರು. ಯಾರೋ ಗಂಟಲು ಸರಿಮಾಡಿಕೊಂಡರು.

ಆ ಮೇಲೆ ಎಲ್ಲ ಸರಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ವಿಡಿಯೋ ಈಗಲೂ ಆಗಾಗ ಯಾರದ್ದಾದರೂ ಫೋನಿನಲ್ಲಿ ಎದ್ದು ಬರುತ್ತದೆ. ದೊಡ್ಡಕ್ಕನ ಮಗಳಿಗೆ ಮದುವೆಯಾಯಿತು. ನಾನು ಹೋಗಿ ಉಂಡು ಬಂದೆ. ಅವರು ಕೆಲಸಕ್ಕೆ ತಿರುಗಿ ಬರಲಿಲ್ಲ. ನಾನು ಒಬ್ಬಳೇ ಹೋಗುತ್ತೇನೆ, ದೂರದ್ದಾದರೆ ಅದೇ ಆಟೋದಲ್ಲಿ. ಮುಂಚಿನಷ್ಟೇ ಮಾತು ಕಡಿಮೆ.

ಹೊಸ ಟಾರ್ಚನ್ನು ನಾನು ರೆಂಚಿನ ಚೀಲದಲ್ಲಿ ಇಡುವುದಿಲ್ಲ, ಅಂಗಿಯ ಒಳಗೆ ಕುತ್ತಿಗೆಗೆ ಹಾಕಿಕೊಳ್ಳುತ್ತೇನೆ. ಒಮ್ಮೆ ಒಂದು ಶಾಲೆಯ ನೆಲದಡಿಯ ಟಾಂಕಿಯಲ್ಲಿ ವಾಲ್ವು ಬದಲಿಸುವಾಗ ತಲೆಯ ಲೈಟು ಪುನಃ ಆರಿತು. ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು, ಟಕ್ಕೆಂದು ಬೆಳಕಾಯಿತು. ಮೇಲಿದ್ದ ಮೇಷ್ಟ್ರಿಗೆ ತಿಳಿಯಲೂ ಇಲ್ಲ. ಕೆಲಸ ಮುಗಿಸಿ ಮೇಲೆ ಬಂದೆ. ಹೆಮ್ಮೆ ಅನಿಸಬೇಕಿತ್ತು. ಅನಿಸಿದ್ದು ಬೇರೆ: ಇಷ್ಟು ಸಣ್ಣ ವಸ್ತುವೊಂದು ಆ ದಿನ ನನ್ನ ಹತ್ತಿರ ಇದ್ದಿದ್ದರೆ ಎಂದು. ಶಾಲೆಯ ನಲ್ಲಿಯಲ್ಲಿ ತುಂಬ ಹೊತ್ತು ಮುಖ ತೊಳೆದೆ.

ಮೊನ್ನೆ ಪುತ್ತಿಗೆ ಕಡೆಯಿಂದ ಒಬ್ಬರು ಫೋನು ಮಾಡಿದರು. ಸುರಂಗದ ಪೈಪು ಕಟ್ಟಿಕೊಂಡಿದೆ, ಬರುತ್ತೀರಾ ಎಂದು. ಆ ದಿನದ ನಂತರ ಸುರಂಗದ ಕೆಲಸವನ್ನು ನಾನು ಒಪ್ಪಿಕೊಂಡಿರಲಿಲ್ಲ. ಈ ಸಲ ಇಲ್ಲ ಎನ್ನಲಿಕ್ಕೆ ಬಾಯಿ ತೆರೆದವಳು ಬರುತ್ತೇನೆ ಎಂದುಬಿಟ್ಟೆ.

ಹೋದಾಗ ಅಲ್ಲಿ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. ಮನೆಯ ಸೊಸೆ ನನ್ನ ಮುಖವನ್ನು ಎರಡೆರಡು ಸಲ ನೋಡಿದರು. ಗುರುತು ಹಿಡಿದರೆಂದು ಗೊತ್ತಾಯಿತು. ನಾನು ಚೀಲ ಕೆಳಗಿಟ್ಟೆ.

"ನಾನು ಒಳಗೆ ಹೋಗ್ತೇನೆ. ಆದ್ರೆ ನನಗೆ ಹೆದರಿಕೆ ಉಂಟು" ಎಂದು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. "ಹಾಗಾಗಿ ನನ್ನ ಸೊಂಟಕ್ಕೆ ಒಂದು ಹಗ್ಗ ಕಟ್ತೇನೆ. ಅದರ ತುದಿ ಹಿಡಿದುಕೊಂಡು ನಿಮ್ಮಲ್ಲಿ ಒಬ್ಬರು ಇಲ್ಲೇ ಕೂತಿರ್ಬೇಕು. ನಾನು ಆಗಾಗ ಕೂಗ್ತೇನೆ, ನೀವು ಓಗೊಡ್ಬೇಕು. ಬೇರೆಯವರೆಲ್ಲ ಒಳಗೆ ಹೋಗಿ."

ಯಾರೂ ನಗಲಿಲ್ಲ. ಮನೆಯ ಹಿರಿಯರು ಸೊಸೆಯ ಕಡೆ ತಿರುಗಿದರು. ಆಕೆ ಕೊಟ್ಟಿಗೆಯಿಂದ ಹಗ್ಗ ತಂದು, ಸೀರೆ ಎತ್ತಿ ಕಟ್ಟಿ, ಅದರ ಒಂದು ತುದಿ ಹಿಡಿದುಕೊಂಡು ಸುರಂಗದ ಬಾಯಲ್ಲಿ ಕಲ್ಲಿನ ಮೇಲೆ ಕುಳಿತರು.

"ಹೋಗಿ ಅಕ್ಕ. ನಾನಿದ್ದೇನೆ" ಎಂದರು.

ನಾನು ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ತಲೆಯ ಲೈಟು ಹತ್ತಿಸಿದೆ, ಕುತ್ತಿಗೆಯದ್ದನ್ನು ಹತ್ತಿಸಿ ಆರಿಸಿ ನೋಡಿದೆ. ಕಾಲು ನಡುಗುತ್ತಿತ್ತು. ಅದು ಅವರಿಗೂ ಕಾಣುತ್ತಿತ್ತು. ಬಗ್ಗಿ ಒಳಗೆ ಹೋದೆ.